ಎಡಗೈಗೆ ಸ್ವರ, ಬಲಗೈಗೆ ವ್ಯಂಜನ

ನ್ಯಾಮತಿ ಬಿಟ್ಟು ಹೊನ್ನಾಳಿ ರಸ್ತೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಮಾರುತೇಶನಿಗೆ ಹೆಗಲ ಮೇಲೆ ಏನೋ ಹರಿದಾಡಿದಂತಾಯಿತು. ಹುಳುವಿರಬೇಕೆಂದು ಕೊಡವಿಕೊಳ್ಳಲು ಹೋದವನಿಗೆ ಅದು ಉಷಾರಾಣಿಯ ಬೆರಳೆಂದು ತಿಳಿಯಿತು. ಬೈಕಿನ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತ ಹೆಂಡತಿ, ಬಲಗೈಯನ್ನು ಅವನ ಹೆಗಲ ಮೇಲಿಟ್ಟು ಟೈಪು ಮಾಡುತ್ತಿದ್ದಳು. ಎಡಗೈ ಮಡಿಲಲ್ಲಿದ್ದ ಚೀಲದ ಮೇಲೆ ತನ್ನ ಪಾಲಿನ ಕೆಲಸ ಮಾಡುತ್ತಿರಬೇಕು. ಸ್ವರ ಎಡಗೈಗೆ, ವ್ಯಂಜನ ಬಲಗೈಗೆ ಎಂದು ಹೇಳಿಕೊಟ್ಟವನು ಅವನೇ. ಹಾಗಾಗಿ ಅವನ ಹೆಗಲಿಗೆ ಬರುತ್ತಿದ್ದುದು ಬರೀ ವ್ಯಂಜನಗಳು. ತೋರುಬೆರಳು ಎರಡು ಸಲ, ನಡುಬೆರಳು ಒಂದು ಸಲ, ಮತ್ತೆ ತೋರುಬೆರಳು. ಸ, ರ, ಕ, ರ. ಸರ್ಕಾರ. ಒಂದೂ ತಪ್ಪಿರಲಿಲ್ಲ. ಬೇರೆ ದಿನವಾಗಿದ್ದರೆ ಅವನ ಎದೆ ಉಬ್ಬುತ್ತಿತ್ತು. ಇವತ್ತು ಒಂದೊಂದು ಬೆರಳು ಬಿದ್ದಾಗಲೂ ಹೆಗಲು ತಾನಾಗಿಯೇ ಕುಗ್ಗುತ್ತಿತ್ತು. ಎದುರಿಗೆ ಬಂದ ಮೆಕ್ಕೆಜೋಳದ ಟ್ರ್ಯಾಕ್ಟರಿಗೆ ದಾರಿ ಬಿಡುವ ನೆಪದಲ್ಲಿ ಅವನು ಬೈಕನ್ನು ಜೋರಾಗಿ ಪಕ್ಕಕ್ಕೆಳೆದ. ಅವಳು ಭಯಬಿದ್ದು ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳಾಟ ನಿಂತಿತು. ಅಷ್ಟೇ ಅವನಿಗೆ ಬೇಕಾಗಿತ್ತು.

ಹನ್ನೊಂದು ಗಂಟೆಗೆ ಹೊನ್ನಾಳಿಯ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಹತ್ತು ನಿಮಿಷದ ಕನ್ನಡ ಟೈಪಿಂಗ್ ಪರೀಕ್ಷೆ. ಡಾಟಾ ಎಂಟ್ರಿ ಆಪರೇಟರ್, ಗುತ್ತಿಗೆ ಆಧಾರ, ಮೂರು ಹುದ್ದೆ. ಮುಂದಿನ ತಿಂಗಳು ಉಷಾರಾಣಿಗೆ ಮೂವತ್ತೆಂಟು ತುಂಬುತ್ತದೆ. ಆಮೇಲೆ ಇಂಥ ಯಾವ ಅರ್ಜಿಗೂ ಅವಳ ವಯಸ್ಸು ಹೊಂದುವುದಿಲ್ಲ. ಅರ್ಜಿ ತುಂಬಿದ್ದು ಮಾರುತೇಶನೇ, ನ್ಯಾಮತಿ ಬಸ್ ಸ್ಟ್ಯಾಂಡಿನ ಪಕ್ಕದ ತನ್ನ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಯಲ್ಲಿ ಕೂತು. ಷರತ್ತುಗಳ ಹಾಳೆಯಲ್ಲಿ ಏಳನೆಯದು ಹೀಗಿತ್ತು: ಪರೀಕ್ಷೆ ನುಡಿ ಕೀಲಿಮಣೆಯಲ್ಲಿ ನಡೆಯುತ್ತದೆ. ಅವನು ಅದನ್ನು ಎರಡು ಸಲ ಓದಿದ್ದ. ಉಷಾರಾಣಿಗೆ ಈಗ ಬರುತ್ತಿದ್ದುದು ನುಡಿ ಕೀಲಿಮಣೆಯಲ್ಲ, ಇನ್‌ಸ್ಕ್ರಿಪ್ಟ್. ಆರು ವರ್ಷದಿಂದ ಅವನು ಕಲಿಸಿದ್ದು. ಎರಡರಲ್ಲೂ ಅಕ್ಷರಗಳ ಜಾಗ ಬೇರೆ ಬೇರೆ. ಸಂಜೆ ಹೇಳಿದರಾಯಿತು ಎಂದುಕೊಂಡು ಹಾಳೆ ಮಗುಚಿದ. ಆ ಸಂಜೆ ಮಗಳಿಗೆ ಜ್ವರ ಬಂದಿತ್ತು. ಮರುದಿನದ ಸಂಜೆ ಏನೂ ಇರಲಿಲ್ಲ, ಆದರೂ ಹೇಳಲಿಲ್ಲ. ಹೀಗೆ ಐವತ್ತೆರಡು ಸಂಜೆಗಳು.

ಹಾಗೆ ನೋಡಿದರೆ ನುಡಿ ಅವಳಿಗೆ ಹೊಸದೇನಲ್ಲ. ಮದುವೆಗೆ ಮುಂಚೆ ಜಗಳೂರಿನಲ್ಲಿ ಕೋರ್ಟಿನ ಎದುರಿನ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಅರ್ಜಿ, ಕರಾರುಪತ್ರ, ತಕರಾರು ಟೈಪು ಮಾಡಿದವಳು. ಹೆಣ್ಣು ನೋಡಲು ಹೋದ ದಿನ ಅವಳ ತಾಯಿ ಗಾದ್ರಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟು, "ನಮ್ಮ ಉಷಾನ ಕೈ ಓಡೋದು ನೋಡಾಕೆ ವಕೀಲರು ಕೆಲಸ ಬಿಟ್ಟು ನಿಂದರ್ತಾರೆ ನೋಡ್ರಪಾ," ಎಂದಿದ್ದಳು. ಮಾರುತೇಶ ನಕ್ಕು ತಲೆಯಾಡಿಸಿದ್ದ. ಮದುವೆಯಾದ ಐದನೇ ವರ್ಷ ಮನೆಯ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಪುಕ್ಕಟೆಯಾಗಿ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿದಾಗ ಅವಳನ್ನು ಅದರ ಮುಂದೆ ಕೂರಿಸಿ ಮೊದಲು ಹೇಳಿದ್ದು, "ನುಡಿ ಹೊಡೆದು ಕೈ ಕೆಟ್ಟೈತೆ ನಿಂದು. ಮೊದಲು ಮರೀಬೇಕು," ಎಂದು. ಮರೆಸಲು ಅವನು ಕಂಡುಕೊಂಡ ಉಪಾಯವೆಂದರೆ ಅವಳ ಎರಡೂ ಕೈಗಳ ಮೇಲೆ ಟವೆಲ್ ಹೊದಿಸುವುದು. ಕೀಲಿ ಕಾಣಬಾರದು. ಪರದೆಯನ್ನೂ ನೋಡಬಾರದು. ಕಣ್ಣು ಹಾಳೆಯ ಮೇಲೆ. ಒಂದು ಅಕ್ಷರ ತಪ್ಪಿದರೆ ಅವನು ಹಿಂದಿನಿಂದ ಕೈಚಾಚಿ ಇಡೀ ಸಾಲನ್ನು ಅಳಿಸುತ್ತಿದ್ದ. ಒಲೆಯ ಮೇಲೆ ಸಾರು ಉಕ್ಕುತ್ತಿರುವಾಗಲೂ ಅವಳು ಟವೆಲ್ಲಿನ ಕೆಳಗಿನಿಂದ ಕೈ ತೆಗೆಯುತ್ತಿರಲಿಲ್ಲ. "ರೀ, ವಾಸನೆ ಬರಾಕೆ ಹತ್ತೈತೆ," ಎನ್ನುವಳು. "ಬರ್ಲಿ," ಎನ್ನುವನು. ಒಂದು ವರ್ಷದ ಹೊತ್ತಿಗೆ ಅವಳ ಬೆರಳುಗಳು ಜಗಳೂರನ್ನು ಪೂರ್ತಿಯಾಗಿ ಮರೆತಿದ್ದವು. ಆ ದಿನ ಅವನು ಲಿನಕ್ಸ್ ಬಳಸುವವರ ಟೆಲಿಗ್ರಾಂ ಗುಂಪಿನಲ್ಲಿ, ನನ್ನ ಹೆಂಡತಿ ಇನ್‌ಸ್ಕ್ರಿಪ್ಟಿನಲ್ಲಿ ನಿಮಿಷಕ್ಕೆ ಮೂವತ್ತೆಂಟು ಪದ ಹೊಡೆಯುತ್ತಾಳೆ ಎಂದು ಬರೆದ. ನಲವತ್ತೊಂದು ಜನ ಹೆಬ್ಬೆರಳು ಎತ್ತಿದರು. ಆಕೆಯ ಹೆಸರೇನು ಎಂದು ಯಾರೂ ಕೇಳಲಿಲ್ಲ, ಅವನೂ ಬರೆಯಲಿಲ್ಲ.

ಹಳೆಯ ವಿಂಡೋಸಿನಲ್ಲಿ ಅವಳದೊಂದು ಕಡತವಿತ್ತು. ಗಾದ್ರಮ್ಮ ಬೀಸುವಾಗ, ಬಾಣಂತಿಗೆ ನೀರು ಹಾಕುವಾಗ ಹಾಡುತ್ತಿದ್ದ ನೂರಾ ಹನ್ನೆರಡು ಹಾಡುಗಳನ್ನು ಉಷಾರಾಣಿ ಮದುವೆಗೆ ಮುಂಚೆ ಕೂತು ಟೈಪು ಮಾಡಿಟ್ಟಿದ್ದಳು. ಹಳೆಯ ಕಾಲದ ಅಕ್ಷರಶೈಲಿ, ಹೊಸ ವ್ಯವಸ್ಥೆಯಲ್ಲಿ ತೆರೆದರೆ ಬೇರೆ ಯಾವುದೋ ದೇಶದ ಲಿಪಿಯ ಚೂರುಗಳಂತೆ ಕಾಣುತ್ತಿತ್ತು. ಅವಳು ಪರದೆಯ ಮುಂದೆ ಕೂತು, "ಇದು ಅವ್ವನ ಹಾಡಲ್ರಿ?" ಎಂದಳು. "ಎಲ್ಲಾ ಐತೆ, ಏನೂ ಹೋಗಿಲ್ಲ. ನಿನಗೆ ಕಾಣ್ತಿಲ್ಲ ಅಷ್ಟೆ," ಎಂದ. ಅದನ್ನು ಸರಿಯಾಗಿ ತೋರಿಸುವ ಒಂದು ಸಣ್ಣ ಪ್ರೋಗ್ರಾಮ್ ತಾನೇ ಬರೆಯುವುದಾಗಿ ಹೇಳಿದ. ಬೇರೆಯವರು ಬರೆದದ್ದು ಪುಕ್ಕಟೆಯಾಗಿ ಸಿಗುತ್ತಿತ್ತು. ಆದರೆ ಇನ್ನೊಬ್ಬರು ಮಾಡಿದ್ದು ಹೇಗಿರುತ್ತದೋ ಎಂಬ ಅನುಮಾನ ಅವನಿಗೆ. ಹೋದ ವರ್ಷ ಗಾದ್ರಮ್ಮ ತೀರಿಕೊಂಡಾಗ, ಹನ್ನೊಂದನೇ ದಿನ ಹಾಡಿಸಲು ಒಂದೆರಡು ಹಾಡು ಬೇಕೆಂದು ಉಷಾರಾಣಿ ಆ ಕಡತ ತೆರೆದು ಸುಮ್ಮನೆ ನೋಡುತ್ತ ಕೂತಿದ್ದಳು. ಅವನು ಬಾಗಿಲಿನಿಂದಲೇ ನೋಡಿ ಅಂಗಡಿಗೆ ಹೊರಟುಹೋದ.

ಅವನೇನು ಕೆಟ್ಟವನಾಗಿರಲಿಲ್ಲ. ಹಾಗೆಂದು ಅವನಿಗೆ ಗೊತ್ತಿತ್ತು. ಅವನಿಗೆ ನಂಬಿಕೆಯೊಂದಿತ್ತು, ಅಷ್ಟೇ. ದುಡ್ಡು ಕೊಟ್ಟು ಕೊಂಡ ಯಂತ್ರ ನಿನ್ನನ್ನು ಕೇಳದೆ ಮಧ್ಯಾಹ್ನ ಎರಡು ಗಂಟೆಗೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳಲು ಕೂತರೆ ಅದರ ಯಜಮಾನ ನೀನಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕದ್ದ ವಿಂಡೋಸ್ ಹಾಕಿಕೊಂಡು ಗೋಡೆಗೆ ದೇವರ ಪಟ ತೂಗುಹಾಕುವವರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ಲಿನಕ್ಸಿನಲ್ಲಿ ಎಲ್ಲವೂ ನಿನ್ನ ಕೈಯಲ್ಲಿ: ಯಾವುದನ್ನು ಇಡಬೇಕು, ಯಾವುದನ್ನು ಕಿತ್ತು ಹಾಕಬೇಕು, ಯಾರು ಒಳಗೆ ಬರಬೇಕು. ಅದು ಕೇಳದೆ ಏನನ್ನೂ ಮಾಡುವುದಿಲ್ಲ. ಈ ಮಾತು ಹೇಳುವಾಗ ಅವನ ದನಿ ಮೆತ್ತಗಾಗುತ್ತಿತ್ತು. ಜನ ಅರ್ಜಿಗೆ ಫೋಟೋ ಅಂಟಿಸುತ್ತ ಹೂಂ ಎನ್ನುತ್ತಿದ್ದರು. ಸವಳಂಗದ ಪಂಚಾಕ್ಷರಪ್ಪನವರು ಮಾತ್ರ ಹೂಂ ಎನ್ನಲಿಲ್ಲ. ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದ ಆ ಮುದುಕರು ಕೆಂಪು ದೀಪದ ಸಾಧನದ ಮೇಲೆ ಬೆರಳಿಟ್ಟುಕೊಂಡು ಅರ್ಧ ಗಂಟೆ ನಿಂತರು. ಆ ಸಾಧನ ಲಿನಕ್ಸಿಗೆ ಹೊಂದುವುದಿಲ್ಲವೆಂದು ಮಾರುತೇಶನಿಗೆ ಗೊತ್ತಿತ್ತು, ಹೊಂದಿಸಿಯೇ ತೀರುತ್ತೇನೆಂದು ಹಠ. "ಏನಪಾ, ನಿನ್ನ ಕಂಪ್ಯೂಟ್ರಿಗೆ ನಾನು ಸತ್ತೀನೋ ಬದುಕೀನೋ ಗೊತ್ತಾಗಾಕೆ ಒಲ್ಲದಲ್ಲ," ಎಂದರು ಮುದುಕರು. ಅಂಗಡಿಯ ತುಂಬ ನಗು. ಮುದುಕರು ಪಕ್ಕದ ಅಂಗಡಿಗೆ ಹೋದರು, ಅಲ್ಲಿ ಒಂದೇ ಸಲಕ್ಕೆ ಬದುಕಿರುವುದು ಖಾತ್ರಿಯಾಯಿತು. ಆ ವಾರವೇ ಮಾರುತೇಶ ಹಳೆಯ ವಿಂಡೋಸ್ ಯಂತ್ರವೊಂದನ್ನು ತಂದು ಅಂಗಡಿಯ ಹಿಂಬದಿ ಬಟ್ಟೆಯ ಪರದೆಯೊಂದರ ಮರೆಗಿಟ್ಟ. ಅದರಲ್ಲಿ ನುಡಿಯೂ ಇತ್ತು. ಗಿರಾಕಿಗಳು ಹೆಬ್ಬೆಟ್ಟು ಒತ್ತಲು ತಲೆ ತಗ್ಗಿಸಿಕೊಂಡು ಪರದೆಯ ಹಿಂದೆ ಹೋಗಿ ಬರುವುದನ್ನು ನೋಡಿದರೆ ಯಾರಿಗಾದರೂ ಬೇರೆಯೇ ವ್ಯಾಪಾರ ನಡೆಯುತ್ತಿದೆ ಎನ್ನಿಸಬೇಕು. ಉಷಾರಾಣಿಗೆ ಆ ಯಂತ್ರದ ಸುದ್ದಿ ಗೊತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅವನ ನಂಬಿಕೆ ಅಖಂಡವಾಗಿತ್ತು.

ಕಾಲೇಜಿನ ಗೇಟಿನ ಹತ್ತಿರ ಆಗಲೇ ನಲವತ್ತು ಜನ ಸೇರಿದ್ದರು. ಉಷಾರಾಣಿ ಬೈಕಿನಿಂದ ಇಳಿದು ಸೀರೆ ಸರಿಮಾಡಿಕೊಂಡು, ಪಕ್ಕದ ಮನೆಯ ಹೊನ್ನೂರಮ್ಮನಿಗೆ ಫೋನು ಹಚ್ಚಿದಳು. "ಅಕ್ಕಾ, ಪುಟ್ಟಿ ತಲೆ ಬಾಚಿಸಿಕೊಂಡ್ಲಾ? ಅತ್ಲಾ? ಹಂಗಾದ್ರೆ ಇರ್ಲಿ ಬಿಡ್ರಿ, ಬಂದು ನಾನೇ ಬಾಚ್ತೀನಿ," ಎಂದಳು. ಫೋನು ಮತ್ತು ಚೀಲವನ್ನು ಗಂಡನ ಕೈಗೆ ಕೊಟ್ಟು ಮುಖ ತೊಳೆದು ಬರುತ್ತೇನೆಂದು ನಲ್ಲಿಯ ಕಡೆ ಹೋದಳು. ಗೇಟಿನ ಬಳಿ ಕುರ್ಚಿ ಹಾಕಿಕೊಂಡಿದ್ದ ಕಾವಲಿನ ಜಂಪಣ್ಣ ಮಾರುತೇಶನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವೂ ಪರೀಕ್ಷೆಗೇನ್ರಿ?" ಎಂದ.

"ಇಲ್ಲ, ನಮ್ಮನೆಯವರು."

"ಮತ್ತೆ ಬೆವರಾಕೆ ಹತ್ತೀರಿ?"

ಮಾರುತೇಶ ಹಣೆ ಒರೆಸಿಕೊಂಡ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಅವನ ಅಂಗಿಯ ಬೆನ್ನಿನ ಮೇಲೆ ಅಂಗಡಿಯ ಹೆಸರಿನ ಕೆಳಗೆ ಅಚ್ಚಾಗಿದ್ದ ಪೆಂಗ್ವಿನ್ ಚಿತ್ರ ನೋಡಿ ಹತ್ತಿರ ಬಂದಳು. "ಅಣ್ಣಾ, ನೀವು ಕಂಪ್ಯೂಟ್ರಿನೋರಾ? ನಾನು ಅರುಣಾ ಅಂತ, ಸಂತೇಬೆನ್ನೂರಿಂದ ಬಂದೀನಿ," ಎಂದಳು. ಕಣ್ಣಲ್ಲಿ ನೀರಿತ್ತು. "ಇಲ್ಲಿ ನುಡಿ ಕೀಬೋರ್ಡಂತೆ. ಈಗ ಯಾರೋ ಹೇಳಿದ್ರು. ನಾನು ಕಲ್ತಿದ್ದು ಇನ್‌ಸ್ಕ್ರಿಪ್ಟು. ಷರತ್ತು ಓದಿರ್ಲಿಲ್ಲಣ್ಣ. ನಮ್ಮಪ್ಪ ಬಯ್ದು ಬಿಡ್ತಾರೆ. ಈಗ ಹೆಂಗಣ್ಣ ಮಾಡ್ಲಿ?"

ಪ್ರಶ್ನೆ ಕೇಳಿದ್ದೇ ತಡ ಮಾರುತೇಶನ ಮೈಯಲ್ಲಿ ಏನೋ ಸಡಿಲವಾಯಿತು. ಗೊತ್ತಿಲ್ಲದವರಿಗೆ ಗೊತ್ತಿದ್ದುದನ್ನು ಹೇಳುವಾಗ ಸಿಗುವ ಸುಖ ಅವನಿಗೆ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ. "ಅಳಬ್ಯಾಡ. ಪರದೆ ಕೆಳಗೆ ಬಲಮೂಲೆಯಾಗೆ ಗಡಿಯಾರ ಇರ್ತೈತಲ್ಲ, ಅದರ ಪಕ್ಕ ಒಂದು ಸಣ್ಣ ಗುರ್ತು ಐತೆ. ಅದನ್ನ ಒತ್ತಿದ್ರೆ ಕೀಲಿಮಣೆ ಪಟ್ಟಿ ಬರ್ತೈತೆ. ಅದರಾಗೆ ನಿಂದು ಆರಿಸ್ಕೊ. ಪರೀಕ್ಷೆ ಶುರುವಾಗೋಕೆ ಮುಂಚೆ ಮೇಲ್ವಿಚಾರಕರನ್ನ ಒಂದು ಮಾತು ಕೇಳು, ಬ್ಯಾಡ ಅನ್ನಲ್ಲ. ಅವರಿಗೆ ಬೇಕಿರೋದು ಅಕ್ಷರ, ಬೆರಳಲ್ಲ," ಎಂದ. ಕೊನೆಯ ಮಾತು ತನಗೇ ಚೆನ್ನಾಗಿ ಕೇಳಿಸಿತು. ಅರುಣಾ ಅವನು ಹೇಳಿದ ದಾರಿಯನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡಳು, ಬಲಮೂಲೆ, ಗಡಿಯಾರ, ಸಣ್ಣ ಗುರುತು. ನಂತರ ಅವನ ಕಾಲು ಮುಟ್ಟಲು ಬಗ್ಗಿದಳು. "ಏ, ಹುಚ್ಚಿ," ಎಂದು ಅವನು ಹಿಂದೆ ಸರಿದ. ಅವಳು ಒಳಗೆ ಓಡಿದಳು.

ಉಷಾರಾಣಿ ಮುಖ ಒರೆಸಿಕೊಳ್ಳುತ್ತ ಬಂದಾಗ ಅವನ ತುಟಿಯ ಮೇಲೆ ಇನ್ನೂ ಆ ನಗು ಇತ್ತು. ಅವಳು ಅದನ್ನು ತನಗೆಂದೇ ತಿಳಿದು ತಾನೂ ನಕ್ಕಳು. ಬಳೆ ಸದ್ದಾಗಬಾರದೆಂದು ಮೊಣಕೈವರೆಗೆ ಏರಿಸಿದ್ದಳು, ಅವು ಮಾಂಸಕ್ಕೆ ಒತ್ತಿಕೊಂಡು ಕೆಂಪು ಗೆರೆ ಎದ್ದಿದ್ದವು. "ಎಲ್ಲಾ ನೆನಪೈತೆ ಕಣ್ರಿ. ಕೈ ಸ್ವಲ್ಪ ತಣ್ಣಗಾಗೈತೆ ಅಷ್ಟೆ. ಏನಾದ್ರೂ ಹೇಳಾದೈತಾ?"

ಈಗ ಹೇಳಬಹುದಿತ್ತು. ಅರುಣಾಳಿಗೆ ಹೇಳಿದ ಮಾತುಗಳು ಇನ್ನೂ ಬಾಯಲ್ಲಿ ಬೆಚ್ಚಗಿದ್ದವು. ಆದರೆ ಅರುಣಾ ಕೇಳಿದ್ದು ಹೇಗೆ ಎಂದು. ಉಷಾರಾಣಿ ಕೇಳುವುದು ಯಾವಾಗಿನಿಂದ ಗೊತ್ತು ಎಂದು. ಆ ಪ್ರಶ್ನೆಗೆ ಉತ್ತರ ಹೇಳುತ್ತಿರುವ ತನ್ನ ಮುಖ ಅವನಿಗೆ ಕಾಣಿಸಿತು. ಅದರ ಹಿಂದೆಯೇ ಇನ್ನೊಂದು ಚಿತ್ರ: ಬೆಳಿಗ್ಗೆ ಒಂಬತ್ತಕ್ಕೆ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಬಸ್ಸಿಗೆ ನಿಂತ ಹೆಂಡತಿ, ಅಂಗಡಿಗೆ ಬಂದವರು "ಆಪರೇಟರಮ್ಮನ ಯಜಮಾನ್ರು ಇವರೇ" ಎನ್ನುವುದು, ದಿನವಿಡೀ ವಿಂಡೋಸಿನಲ್ಲಿ ನುಡಿ ಹೊಡೆದು ಬಂದವಳು ಸಂಜೆ ಮನೆಯಲ್ಲಿ ಇವನ ಲಿನಕ್ಸನ್ನು ನೋಡುವ ರೀತಿ. ಕನಿಕರದಿಂದ ನೋಡುತ್ತಾಳೆ. ಅವಳಿಗೆ ಬೇರೆ ಥರ ನೋಡಲು ಬರುವುದಿಲ್ಲ.

"ಹೊಸದೇನಿಲ್ಲ," ಎಂದ. "ಪರದೆ ನೋಡಬ್ಯಾಡ. ಕಣ್ಣು ಹಾಳೆ ಮೇಲೆ."

ಅವಳು ಮಗುವಿನಂತೆ ತಲೆಯಾಡಿಸಿ ಒಳಗೆ ಹೋದಳು.

ಜಂಪಣ್ಣ ತನ್ನ ಮೊಬೈಲನ್ನು ಮುಂದೆ ಚಾಚಿದ. "ಸ್ವಲ್ಪ ಇದನ್ನ ನೋಡ್ರಿ ಸಾರ್. ಟಾರ್ಚು ಹಚ್ಚಾಕೆ ಹೋದ್ರೆ ಯಾವ್ದೋ ಹೆಂಗಸು ಬಂದು ಸಾಲ ಬೇಕಾ ಅಂತಾಳೆ. ನಮ್ಮನೆಯಾಕಿ ಮುಂದೆ ಮರ್ಯಾದಿ ಹೋಗೈತೆ." ಮಾರುತೇಶ ಫೋನು ತೆಗೆದುಕೊಂಡ. ಜನ ಟಾರ್ಚಿಗೂ ಒಂದು ಆ್ಯಪ್ ಹಾಕಿಕೊಂಡು ಅದಕ್ಕೆ ತಮ್ಮ ಹೆಸರು, ಊರು, ನೆಂಟರ ನಂಬರು ಎಲ್ಲ ಒಪ್ಪಿಸಿಬಿಡುವುದರ ಬಗ್ಗೆ ಅವನು ಮಾತು ಶುರುಮಾಡಿದ. ಒಪ್ಪಿಗೆ ಎನ್ನುವುದನ್ನು ಓದದೆ ಒತ್ತುವವರು ಗುಲಾಮರು ಎಂದ. ಟಿವಿ ಕೂಡ ಈಗ ನಿಮ್ಮನ್ನು ನೋಡುತ್ತದೆ ಎಂದ. "ನೋಡ್ಲಿ ಬಿಡ್ರಿ, ನಮ್ಮನ್ಯಾಗೆ ನೋಡುವಂಥದ್ದು ಏನೈತೆ," ಎಂದ ಜಂಪಣ್ಣ. ಮಾರುತೇಶನಿಗೆ ತನ್ನ ದನಿ ಎಲ್ಲೋ ದೂರದಿಂದ ಬರುತ್ತಿದ್ದಂತಿತ್ತು. ಒಳಗೆ ಯಾರೋ ಹೆಸರು ಕೂಗುತ್ತಿದ್ದರು. ಅವನ ಕಣ್ಣು ಮತ್ತೆ ಮತ್ತೆ ಪರೀಕ್ಷೆಯ ಕೋಣೆಯ ಕಡೆಗೇ ಹೋಗುವುದನ್ನು ಕಂಡು ಜಂಪಣ್ಣ, "ಅಮ್ಮಾರಿಗೆ ಏನಾರ ಹೇಳಾಕೆ ಮರ್ತಿದ್ರೆ ಹೋಗಿ ಹೇಳಿ ಬರ್ರಿ. ಇನ್ನೂ ಹಾಜರಿ ನಡೆದೈತೆ. ನಾನು ಬಿಡ್ತೀನಿ," ಎಂದು ಗೇಟನ್ನು ಮೊಣಕಾಲಿನಿಂದ ತಳ್ಳಿ ತೆರೆದ.

ತೆರೆದ ಗೇಟಿನಿಂದ ಆ ಕೋಣೆಯ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇದ್ದೀತು. ಬಾಗಿಲಾಚೆ ಉಷಾರಾಣಿಯ ಬೆನ್ನು, ನೇರ ಮಾಡಿಕೊಂಡ ಕತ್ತು, ಕೀಲಿಗಳ ಮೇಲೆ ಆಗಲೇ ಇಟ್ಟುಕೊಂಡ ಕೈಗಳು ಕಾಣುತ್ತಿದ್ದವು. ಟವೆಲ್ ಇಲ್ಲದ ಕೈಗಳು ಬರಿದಾಗಿ ಕಂಡವು. ಅವನು ಒಂದು ಕಾಲನ್ನು ಮುಂದಿಟ್ಟಿದ್ದು ನಿಜ. ನಂತರ ಆ ಕಾಲನ್ನು ನೋಡಿದ. "ಏನೂ ಇಲ್ಲ," ಎಂದು ಜಂಪಣ್ಣನ ಫೋನನ್ನು ಮತ್ತೆ ಕೈಗೆತ್ತಿಕೊಂಡು ಆ ಟಾರ್ಚಿನ ಆ್ಯಪನ್ನು ತೆಗೆದುಹಾಕಿದ. ಖಂಡಿತ ತೆಗೆಯಬೇಕೇ ಎಂದು ಫೋನು ಎರಡು ಸಲ ಕೇಳಿತು.

ಗಂಟೆ ಹೊಡೆಯಿತು. ಮಳೆ ಬಿದ್ದಂತೆ ಒಳಗಿನಿಂದ ಕೀಲಿಗಳ ಸದ್ದು. ಅದರೊಳಗೆ ಅವಳದನ್ನು ಬೇರೆ ಮಾಡಿ ಕೇಳಬಲ್ಲೆನೆಂದು ಅವನಿಗೆ ಅನ್ನಿಸಿತು: ಎಲ್ಲರಿಗಿಂತ ಸಮವಾದದ್ದು, ಎಲ್ಲೂ ನಿಲ್ಲದ್ದು. ಎಷ್ಟು ಚೆನ್ನಾಗಿ ಕಲಿಸಿದ್ದೇನೆ ಎನ್ನಿಸಿದ್ದೂ ನಿಜ. ಐದಾರು ನಿಮಿಷದ ನಂತರ ಆ ಸದ್ದು ಒಮ್ಮೆಲೇ ನಿಂತಿತು. ಉಳಿದದ್ದು ಹಾಗೇ ನಡೆದಿತ್ತು. ಸ್ವಲ್ಪ ಹೊತ್ತು ಬಿಟ್ಟು ಅದು ಮತ್ತೆ ಕೇಳಿಸಿತು, ಒಂದು, ಆಮೇಲೆ ಒಂದು, ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗುವವರ ಹಾಗೆ.

ಹೊರಗೆ ಬಂದವಳು ಅಳುತ್ತಿರಲಿಲ್ಲ. ನೆರಳಿದ್ದ ಕಡೆ, ಸೈಕಲ್ ನಿಲ್ಲಿಸುವ ಶೆಡ್ಡಿನ ಕಟ್ಟೆಯ ಮೇಲೆ ಕೂತು ಬಳೆಗಳನ್ನು ಒಂದೊಂದಾಗಿ ಕೆಳಗೆ ಇಳಿಸಿಕೊಂಡಳು. "ತಾಲೂಕು ಅಂತ ಹೊಡೆದಿದ್ದೆ ಕಣ್ರಿ. ಲೆನತಕಗ ಅಂತ ಬಿದ್ದಿತ್ತು. ಆರು ನಿಮಿಷ ಹಂಗೇ ಹೊಡ್ಕೊಂಡು ಹೋಗಿದ್ದೆ, ನೀವು ಹೇಳಿದ್ರಲ್ಲ, ನೋಡಲೇ ಇಲ್ಲ. ಆಮೇಲೆ ನೋಡ್ತೀನಿ, ಒಂದು ಪದಾನೂ ಪದ ಅಲ್ಲ. ಕಡೀಗೆ ಹುಡುಕಿ ಹುಡುಕಿ ನಾಕು ಸಾಲು ಹೊಡ್ದೆ." ತನ್ನ ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. "ನನ್ನ ಕೈಯೇ ತಪ್ತು ಅನ್ಸುತ್ತೆ. ಹಳೇ ಚಟ ಪೂರಾ ಹೋಗಿಲ್ಲ ಅಂತಿದ್ರಲ್ಲ ನೀವು, ಗಾಬ್ರಿಗೆ ಅದೇ ಬಂದುಬಿಡ್ತೇನೋ. ಆರು ವರ್ಷ ಕೂತು ಕಲಿಸಿದ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವಳು ಕ್ಷಮೆ ಕೇಳುತ್ತಿದ್ದಾಳೆಂದು ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಬಿಸಿಲು ತಟ್ಟನೆ ತಂಪಾದಂತಾಯಿತು. ಎಲ್ಲ ಇಲ್ಲಿಗೇ ಮುಗಿಯಬಹುದು, ಸುಲಭವಾಗಿ, ಅವಳ ಕೈಯ ಮೇಲೆ ಭಾರ ಹಾಕಿ. "ಇರ್ಲಿ ಬಿಡು," ಎಂದ. ದನಿಯಲ್ಲಿ ದೊಡ್ಡತನ ತಾನಾಗಿಯೇ ಬಂದು ಕೂತಿತ್ತು. "ಎಲ್ರಿಗೂ ಆಗ್ತೈತೆ. ಇನ್ನೊಂದ್ಸಲ ಗಮನ ಕೊಟ್ಟು ಮಾಡು." ಇನ್ನೊಂದು ಸಲ ಎನ್ನುವುದು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೂಂ ಎಂದಳು.

"ಅಣ್ಣಾ!"

ಅರುಣಾ ಚಪ್ಪಲಿ ಜಾರುತ್ತಿದ್ದರೂ ಓಡುತ್ತ ಬಂದಳು. "ಬಂತಣ್ಣ! ನೀವು ಹೇಳಿದಂಗೆ, ಬಲಮೂಲೆ, ಗಡಿಯಾರದ ಪಕ್ಕ! ಮೇಲ್ವಿಚಾರಕರು ಹಾಕ್ಕೊಳಮ್ಮ, ಅದಕ್ಕೇನು ಅಂದ್ರು. ಇಡೀ ಹಾಳೆ ಮುಗ್ಸಿ ಇನ್ನೂ ಒಂದು ನಿಮಿಷ ಉಳೀತು." ಉಷಾರಾಣಿಯನ್ನು ಆಗ ನೋಡಿ, "ಅಕ್ಕ ಇವ್ರಾ? ಅಕ್ಕಾ, ನಿಮ್ಮ ಮನೆಯವರು ಇವತ್ತು ಇಲ್ದೇ ಇದ್ದಿದ್ರೆ ನನ್ನ ಕಥೆ ಮುಗೀತಿತ್ತು. ಇನ್‌ಸ್ಕ್ರಿಪ್ಟ್ ಕಲ್ತು ಬಂದಿದ್ದೆ ನಾನು. ಇಲ್ಲಿ ನೋಡಿದ್ರೆ ನುಡಿ. ನೀವಂತೂ ಬಿಡ್ರಿ, ಮನೇಲೇ ಮೇಷ್ಟ್ರನ್ನ ಇಟ್ಕೊಂಡೀರಿ," ಎಂದು ನಕ್ಕಳು.

ಉಷಾರಾಣಿ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಮುಖದ ಮೇಲಿನ ಸಂತೋಷವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓದುವಂತೆ. "ಒಳ್ಳೇದಾತು ತಂಗಿ," ಎಂದಳು. ನಂತರ ಗಂಡನ ಕಡೆ ತಿರುಗಿದಳು. ಅವನು ಕಾಯುತ್ತಿದ್ದ ಪ್ರಶ್ನೆಗಳು ಮೂರ್ನಾಲ್ಕಿದ್ದವು. ಒಂದೊಂದಕ್ಕೂ ಉತ್ತರ ಜೋಡಿಸಿಟ್ಟುಕೊಂಡಿದ್ದ: ಇನ್‌ಸ್ಕ್ರಿಪ್ಟ್ ಎಂದರೆ ದೇಶಕ್ಕೆಲ್ಲ ಒಂದೇ ಕೀಲಿಮಣೆ, ಮುಂದೆ ಎಲ್ಲೆಡೆ ಇದೇ ಬರುವುದು, ತಪ್ಪು ಅವರದು. ಅವಳು ಅವುಗಳಲ್ಲಿ ಯಾವುದನ್ನೂ ಕೇಳಲಿಲ್ಲ.

"ಈಕಿಗೆ ಹೇಳಾಕೆ ಎಷ್ಟೊತ್ತು ಹಿಡೀತ್ರಿ?"

ಇಂಥ ವಿಷಯಗಳಲ್ಲಿ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ. "ಅರ್ಧ ನಿಮಿಷ," ಎಂದ.

ಅವಳು ತಲೆಯಾಡಿಸಿದಳು, ತಿಳಿಯಬೇಕಾಗಿದ್ದು ಅಷ್ಟೇ ಎನ್ನುವಂತೆ. ಅರುಣಾಳ ನಗು ಅರ್ಧಕ್ಕೆ ನಿಂತಿತು. ಅವಳು ಇಬ್ಬರನ್ನೂ ನೋಡಿ, ತನಗೆ ಬಸ್ಸಿದೆ ಎಂದಳು. "ಬಸ್ಸು ಇನ್ನೊಂದು ಬರ್ತೈತೆ, ಕೂತ್ಕೊ. ಬೆಳಿಗ್ಗಿಂದ ಏನೂ ತಿಂದಂಗಿಲ್ಲ ನೀನು," ಎಂದು ಉಷಾರಾಣಿ ಅವನ ಕೈಯಿಂದ ಚೀಲ ತೆಗೆದುಕೊಂಡು ಡಬ್ಬಿ ಬಿಚ್ಚಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಡಬ್ಬಿಯ ಮುಚ್ಚಳದಲ್ಲಿ ಮೊದಲು ಅವನಿಗೆ ಹಾಕಿದಳು, ಅವನಿಗೆ ಇಷ್ಟವೆಂದು ಎಣ್ಣೆ ಮೇಲೆ ತೇಲುವ ಕಡೆಯಿಂದಲೇ ಪಲ್ಯ ತೆಗೆದು. ಆಮೇಲೆ ಅರುಣಾಳಿಗೆ. ತನಗೆ ಹಾಕಿಕೊಳ್ಳಲಿಲ್ಲ. ಸಂತೇಬೆನ್ನೂರಿನಲ್ಲಿ ಮನೆ ಎಲ್ಲಿ, ಎಷ್ಟು ಜನ ಅಕ್ಕತಂಗಿಯರು, ಅಪ್ಪ ಏನು ಮಾಡುತ್ತಾರೆ ಎಂದು ಒಂದೊಂದಾಗಿ ಕೇಳುತ್ತ ಹುಡುಗಿಯ ಮಾತನ್ನು ಗಮನವಿಟ್ಟು ಕೇಳಿಸಿಕೊಂಡಳು. ಅವನ ಕಡೆ ನೋಡಿದ್ದು ಒಂದೇ ಸಲ, "ಉಪ್ಪು ಸರಿ ಐತಾ?" ಎಂದು.

ಸರಿಯಾಗಿತ್ತು. ಮಾರುತೇಶನಿಗೆ ಹಸಿವಾಗಿತ್ತು. ತಿಂದ. ಮುಚ್ಚಳ ಬರಿದಾದಾಗ ಅವಳು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಬೇಡ ಎನ್ನಲು ಬಾಯಿ ತೆರೆದವನು ಅದನ್ನೂ ಮುರಿದು ಬಾಯಿಗಿಟ್ಟುಕೊಂಡ.